ಆ ಹೊತ್ತಿನ ಪಾಡು ಆ ಹೊತ್ತಿಗೆ

ಓದುಗರ ಪ್ರಶ್ನೆ, ನಮ್ಮ ಉತ್ತರ

‘ಇವತ್ತನ್ನು ಇವತ್ತೇ ಬದುಕುವುದು ಹೇಗೆ?’ ಎಂಬ ವಿಷಯಕ್ಕೆ ಮಂಗಳೂರು, ಉಡುಪಿ ಕಡೆಯಿಂದ ಬಂದ ಪತ್ರಗಳಲ್ಲಿ ಎಂಟನ್ನು ಆರಿಸಿಕೊಂಡಿದ್ದೇವೆ. ಬರೆದವರಲ್ಲಿ ಕಥೋಲಿಕರೂ ಇದ್ದಾರೆ, ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರೊಟೆಸ್ಟೆಂಟ್ ಸಭೆಯವರೂ ಇದ್ದಾರೆ. ಹಾಗಾಗಿ ಉತ್ತರದಲ್ಲಿ ಎರಡೂ ಕಡೆಯ ಮಾತು ಬೆರೆತಿದ್ದರೆ ಹೊಂದಿಸಿಕೊಂಡು ಓದಿ. ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ಮಲ್ಪೆಯಲ್ಲಿ ಐಸ್ ಪ್ಲಾಂಟಿನ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಆ ಎರಡು ತಿಂಗಳು ನನಗೆ ಅರ್ಧ ಸಂಬಳ. ಅದಕ್ಕೆಂದೇ ಆರ್‌ಡಿ ಕಟ್ಟುತ್ತಿದ್ದೇನೆ, ಒಂದು ಎಲ್‌ಐಸಿ ಪಾಲಿಸಿಯೂ ಇದೆ. ‘ನಾಳೆಯ ಚಿಂತೆ ಬೇಡ ಅಂತ ಯೇಸುಸ್ವಾಮಿಯೇ ಹೇಳಿದ ಮೇಲೆ ಇದೆಲ್ಲ ಅವಿಶ್ವಾಸ’ ಎಂದು ಪ್ರಾರ್ಥನಾಕೂಟದಲ್ಲಿ ಒಬ್ಬರು ಹೇಳಿದರು. ನಿಲ್ಲಿಸಬೇಕೇ? — ಓದುಗರು, ಮಲ್ಪೆ

ಉತ್ತರ: ನಿಲ್ಲಿಸಬೇಡಿ. ಈ ತಿಂಗಳ ಕಂತು ಕಟ್ಟಿ ಬಂದು ಮುಂದಕ್ಕೆ ಓದಿ.

ನಿಮ್ಮ ಕೂಟದವರು ಹಿಡಿದ ವಚನ ಮತ್ತಾಯ 6:34. ಅದರ ಕೊನೆಯ ಮಾತು ‘ಆ ಹೊತ್ತಿನ ಪಾಡು ಆ ಹೊತ್ತಿಗೆ ಸಾಕು’. ಪಾಡು ಅಂದರೆ ಕಷ್ಟ. ಗ್ರೀಕ್ ಮೂಲದ ‘ಕಾಕಿಯ’ ಎಂಬ ಪದ ಇನ್ನೂ ಖಾರ, ಕೆಡುಕು ಎಂಬ ಅರ್ಥವೂ ಅದಕ್ಕಿದೆ. ಎಂದರೆ ದಿನಗಳು ಹೂವಿನಂತೆ ಸಾಗುತ್ತವೆ ಎಂದು ಯೇಸು ಹೇಳುತ್ತಿಲ್ಲ. ಪ್ರತಿ ದಿನಕ್ಕೂ ಅದರದೇ ಕಷ್ಟ ಇದ್ದೇ ಇದೆ, ನಾಳೆಯದನ್ನೂ ತಂದು ಇವತ್ತಿನ ಬುಟ್ಟಿಗೆ ಸುರಿಯಬೇಡಿ ಎನ್ನುತ್ತಿದ್ದಾನೆ. ಬೇಡ ಅಂದದ್ದು ಚಿಂತೆಯನ್ನು. ಏರ್ಪಾಡು ಬೇಡ ಎಂದು ಎಲ್ಲೂ ಹೇಳಿಲ್ಲ. ಬುರುಜು ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಲೂಕ 14:28ರಲ್ಲಿ ಕೇಳಿದವನೂ ಅವನೇ. ಆದಿಕಾಂಡ 41ರಲ್ಲಿ ಯೋಸೇಫ ಸುಭಿಕ್ಷದ ಏಳು ವರ್ಷ ಬೆಳೆಯ ಐದನೆಯ ಒಂದು ಪಾಲನ್ನು ಎತ್ತಿಡಿಸಿದ. ಅದೂ ದೇವರು ತೋರಿಸಿದ ಕನಸನ್ನು ನಂಬಿ.

ಚಿಂತೆಗೂ ಏರ್ಪಾಡಿಗೂ ಇರುವ ವ್ಯತ್ಯಾಸ ವಿಮೋಚನಕಾಂಡ 16ರ ಮನ್ನದ ಕಥೆಯಲ್ಲಿ ಚೆನ್ನಾಗಿ ಕಾಣುತ್ತದೆ. ಮನ್ನ ಎಂದರೆ ಮರಳುಗಾಡಿನಲ್ಲಿ ಇಸ್ರಾಯೇಲರಿಗೆ ದೇವರು ಕೊಟ್ಟ ಆಹಾರ. ತಲೆಗೆ ಒಂದು ಓಮೆರ್, ಅಂದರೆ ಸುಮಾರು ಎರಡು ಲೀಟರ್, ಕೂಡಿಸಿಕೊಳ್ಳಬೇಕಿತ್ತು. ವಾರದ ನಡುವೆ ಮರುದಿನಕ್ಕೆ ಇಟ್ಟುಕೊಂಡವರ ಮನ್ನ ಹುಳುಬಿದ್ದು ನಾತ ಹೊಡೆಯಿತು. ಆರನೆಯ ದಿನ ಮಾತ್ರ ಎರಡು ಪಟ್ಟು ಕೂಡಿಸಲು ಅಪ್ಪಣೆ, ಮರುದಿನ ಸಬ್ಬತ್ತು, ಅಂದರೆ ವಿಶ್ರಾಂತಿಯ ದಿನ. ಆ ರಾತ್ರಿ ಇಟ್ಟದ್ದು ಕೆಡಲಿಲ್ಲ. ಮನ್ನವೂ ಅದೇ, ಪಾತ್ರೆಯೂ ಅದೇ. ಭಯದಿಂದ ಬಚ್ಚಿಟ್ಟದ್ದು ಕೊಳೆಯಿತು, ಬರಲಿದೆ ಎಂದು ಗೊತ್ತಿರುವ ದಿನಕ್ಕೆ ಎತ್ತಿಟ್ಟದ್ದು ಉಳಿಯಿತು. ನಿಮ್ಮ ಜೂನ್, ಜುಲೈ ಪ್ರತಿ ವರ್ಷ ತಪ್ಪದೆ ಬರುವ 61 ದಿನ. ಅದು ನಿಮ್ಮ ಆರನೆಯ ದಿನದ ಲೆಕ್ಕ.

ಲೆಕ್ಕವನ್ನೂ ಹಾಕಿಯೇ ಬಿಡೋಣ. ಉದಾಹರಣೆಗೆ ಸಂಬಳ 18,000 ಎಂದುಕೊಳ್ಳಿ. ಎರಡು ತಿಂಗಳು ಅರ್ಧರ್ಧ ಎಂದರೆ ಖೋತಾ 18,000. ಆಗಸ್ಟ್‌ನಿಂದ ಮೇವರೆಗೆ ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 1,800. ಇಷ್ಟು ಕಟ್ಟಿದ ಮೇಲೂ ಮಾರ್ಚ್ ತಿಂಗಳಲ್ಲಿ ಜೂನ್ ನೆನೆದು ನಿದ್ದೆ ಬಾರದಿದ್ದರೆ, ಅದು ಚಿಂತೆ. ಗುರುತಿಸುವ ಒರೆಗಲ್ಲು ಒಂದೇ: ಇದಕ್ಕೆ ಇವತ್ತು ನಾನು ಮಾಡಬಹುದಾದ ಕೆಲಸ ಏನಾದರೂ ಉಂಟೇ? ಉಂಟಾದರೆ ಅದು ಏರ್ಪಾಡು, ಇವತ್ತಿನ ಕೆಲಸವೇ. ಇಲ್ಲವಾದರೆ ನಾಳೆಯ ಕೆಲಸವನ್ನು ನಾಳೆಯ ಕೈಯಿಲ್ಲದೆ ಮಾಡಲು ಹೊರಟಿದ್ದೀರಿ.

ಇದನ್ನು ಕಾಗದದ ಮೇಲೆ ಮಾಡಿ. ಸಂಜೆ ಕಾಫಿಯ ನಂತರ 15 ನಿಮಿಷ, ಒಂದೇ ಜಾಗದಲ್ಲಿ ಕೂತು ಹಾಳೆಗೆ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಕೈಯಲ್ಲಿರುವುದು, ಬಲಕ್ಕೆ ಕೈಯಲ್ಲಿ ಇಲ್ಲದ್ದು. ಎಡದ ಪ್ರತಿ ಸಾಲಿಗೂ ತಾರೀಕು ಹಾಕಿ. ಬಲದ ಪ್ರತಿ ಸಾಲನ್ನೂ ಒಂದೇ ವಾಕ್ಯದ ಪ್ರಾರ್ಥನೆ ಮಾಡಿ ದೇವರಿಗೆ ಒಪ್ಪಿಸಿ ಹೊಡೆದುಹಾಕಿ. ಫಿಲಿಪ್ಪಿ 4:6 ಹೇಳುವುದೂ ಇದನ್ನೇ. ಹಗಲಿನಲ್ಲಿ ಚಿಂತೆ ಬಂದರೆ ‘ಸಂಜೆ ಆರಕ್ಕೆ ಬಾ’ ಎಂದು ಮುಂದೂಡಿ. ಇಲ್ಲಿ ಜನ ತಪ್ಪುವುದು ಎರಡು ಕಡೆ. ‘ಮಗಳ ಮದುವೆ’ಯಂಥ ದೊಡ್ಡ ಗಂಟನ್ನು ಹಾಗೆಯೇ ಎಡಕ್ಕೆ ಬರೆಯುತ್ತಾರೆ. ಅರ್ಧ ಗಂಟೆಯಲ್ಲಿ ಮುಗಿಯುವಷ್ಟು ತುಂಡು ಮಾಡದಿದ್ದರೆ ಅದು ಕೆಲಸವಾಗುವುದಿಲ್ಲ, ಭಾರವಾಗಿಯೇ ಉಳಿಯುತ್ತದೆ. ಇನ್ನೊಂದು, ಮಲಗುವ ಮುಂಚೆ ಬರೆಯಲು ಕೂರುತ್ತಾರೆ. ಆಗ ಪಟ್ಟಿಯೂ ಹಾಸಿಗೆಗೆ ಬರುತ್ತದೆ.

ನಿಮಗೆ ಉಪದೇಶ ಮಾಡಿದವರಿಗೆ ಯಾಕೋಬ 4:13ರಿಂದ 15 ತೋರಿಸಿ. ಇಂಥ ಊರಿಗೆ ಹೋಗಿ ಒಂದು ವರ್ಷ ವ್ಯಾಪಾರ ಮಾಡುತ್ತೇವೆ ಎನ್ನುವವರಿಗೆ ಯಾಕೋಬನು ಯೋಜನೆ ಬಿಟ್ಟುಬಿಡಿ ಎನ್ನುವುದಿಲ್ಲ. ‘ಕರ್ತನ ಚಿತ್ತವಾದರೆ’ ಎಂದು ಸೇರಿಸಿ ಹೇಳಿ ಎನ್ನುತ್ತಾನೆ.

ಪ್ರಶ್ನೆ: ಬೆಳಿಗ್ಗೆ ಐದೂವರೆಗೆ ಎದ್ದರೆ ರಾತ್ರಿ ಹತ್ತರವರೆಗೆ ಅಡುಗೆಮನೆ, ದನ, ಮಕ್ಕಳು. ಸಂಜೆ ತೆರ್ಸ್ (ಜಪಮಾಲೆ) ಹೇಳುವಾಗಲೂ ಮನಸ್ಸು ನಾಳೆಯ ಸಾರಿನ ಮೇಲಿರುತ್ತದೆ. ಮರಿಯಳ ಹಾಗೆ ಕೂರಲು ನನಗೆ ಪುರುಸೊತ್ತಿಲ್ಲ, ಮಾರ್ತಳಾಗಿಯೇ ಸಾಯುತ್ತೇನೋ ಏನೋ. — ಗೃಹಿಣಿ, ಶಿರ್ವ

ಉತ್ತರ: ಯೇಸು ಮನೆಗೆ ಬಂದಾಗ ಮರಿಯ ಅವನ ಮಾತು ಕೇಳುತ್ತಾ ಕೂತಳು, ಅವಳ ಅಕ್ಕ ಮಾರ್ತ ಉಪಚಾರದಲ್ಲಿ ಮುಳುಗಿದಳು. ಅಲ್ಲಿಯ ಲೂಕ 10:41ನ್ನು ಇನ್ನೊಮ್ಮೆ ಓದಿ. ಅಡುಗೆ ಮಾಡಿದ್ದಕ್ಕೆ ಮಾರ್ತಳಿಗೆ ಮಾತು ಬೀಳಲಿಲ್ಲ. ಅನೇಕ ವಿಷಯಗಳ ಚಿಂತೆಯಲ್ಲಿ ಗಾಬರಿಗೊಂಡಿದ್ದಕ್ಕೆ ಬಿತ್ತು. ಯೋಹಾನ 12:2ರಲ್ಲಿ ಅದೇ ಮಾರ್ತ ಮತ್ತೆ ಉಪಚಾರ ಮಾಡುತ್ತಿದ್ದಾಳೆ, ಅಲ್ಲಿ ಯಾರೂ ಏನೂ ಅನ್ನಲಿಲ್ಲ.

ಈ ವಿಷಯದಲ್ಲಿ ಕ್ರೈಸ್ತ ಪರಂಪರೆಯ ದೊಡ್ಡ ಗುರು ಒಬ್ಬ ಅಡುಗೆಯವನೇ. ಬ್ರದರ್ ಲಾರೆನ್ಸ್, ಪ್ಯಾರಿಸಿನ ಕಾರ್ಮೆಲ್ ಮಠದವನು, 1691ರಲ್ಲಿ ತೀರಿಕೊಂಡ. ನಮ್ಮ ಬಿಕರ್ನಕಟ್ಟೆಯ ಬಾಲ ಯೇಸುವಿನ ಪುಣ್ಯಕ್ಷೇತ್ರ ನೋಡಿಕೊಳ್ಳುವವರೂ ಅದೇ ಕಾರ್ಮೆಲ್ ಸಂಸ್ಥೆಯ ಗುರುಗಳು. ಲಾರೆನ್ಸ್ ಮಠಕ್ಕೆ ಬರುವ ಮೊದಲು ಸೈನಿಕನಾಗಿದ್ದವನು, ಗಾಯದಿಂದ ಕಾಲು ಕುಂಟು. ಅಡುಗೆ ಕೆಲಸ ಅವನಿಗೆ ಇಷ್ಟವೇ ಇರಲಿಲ್ಲ. ಆದರೂ ಸುಮಾರು ಹದಿನೈದು ವರ್ಷ ಅದನ್ನೇ ಮಾಡಿದ, ಆಮೇಲೆ ಚಪ್ಪಲಿ ಹೊಲಿದ. ಅವನು ಕಂಡುಕೊಂಡದ್ದು ಇಷ್ಟು: ಕೆಲಸದ ಹೊತ್ತು ಬೇರೆ, ಪ್ರಾರ್ಥನೆಯ ಹೊತ್ತು ಬೇರೆ ಅಲ್ಲ. ಬಾಣಲೆಯಲ್ಲಿ ಆಮ್ಲೆಟ್ ಮಗುಚುವುದನ್ನೂ ದೇವರ ಪ್ರೀತಿಗೆಂದು ಮಾಡಬಹುದು. ಇಷ್ಟು ಕೇಳಿದರೆ ಬಹಳ ಸುಲಭ ಅನ್ನಿಸುತ್ತದೆ. ಮೊದಲ ಹತ್ತು ವರ್ಷ ತಾನು ಬಹಳ ಒದ್ದಾಡಿದೆ ಎಂದು ಅವನೇ ಪತ್ರದಲ್ಲಿ ಬರೆದಿದ್ದಾನೆ ಎಂಬುದನ್ನು ಮಾತ್ರ ಪ್ರಸಂಗಗಳಲ್ಲಿ ಯಾರೂ ಹೇಳುವುದಿಲ್ಲ.

ನಿಮ್ಮ ಅಡುಗೆಮನೆಯಲ್ಲಿ ಹೀಗೆ ಶುರು ಮಾಡಿ. ದಿನಾ ತಪ್ಪದೆ ನಡೆಯುವ ಒಂದೇ ಒಂದು ಕೆಲಸ ಆರಿಸಿ. ಬೆಳಿಗ್ಗೆ ಒಲೆ ಹೊತ್ತಿಸುವುದು ಇದಕ್ಕೆ ಒಳ್ಳೆಯದು. ಬೆಂಕಿ ಹತ್ತಿದೊಡನೆ ಕೈಯನ್ನು ಎರಡು ಉಸಿರಿನಷ್ಟು ಹೊತ್ತು ನಿಲ್ಲಿಸಿ, ‘ದೇವರೇ, ನೀನು ಇಲ್ಲಿದ್ದೀ’ ಎನ್ನಿ. ಮನೆಯಲ್ಲಿ ಆಡುವ ಭಾಷೆಯಲ್ಲೇ ಹೇಳಿ. ಕೊಂಕಣಿಯೋ ತುಳುವೋ, ಬಾಯಿಗೆ ಯಾವುದು ತಾನಾಗಿ ಬರುತ್ತದೋ ಅದು. ಪುಸ್ತಕದ ಭಾಷೆಯ ಉದ್ದ ಪ್ರಾರ್ಥನೆ ಮೂರನೆಯ ದಿನಕ್ಕೆ ಮರೆತುಹೋಗುತ್ತದೆ. ಎರಡು ವಾರ ಇಷ್ಟೇ. ಅದು ತಾನಾಗಿ ನೆನಪಾಗತೊಡಗಿದ ಮೇಲೆ ಎರಡನೆಯದು: ಕುಚ್ಚಲಕ್ಕಿ ತೊಳೆಯುವಾಗ ಆ ಅನ್ನ ಉಣ್ಣುವವರ ಹೆಸರು ಒಬ್ಬೊಬ್ಬರದಾಗಿ ಹೇಳಿ. ಮೂರು ನೀರು ತೊಳೆಯುವಷ್ಟರಲ್ಲಿ ಇಡೀ ಮನೆಗೆ ಪ್ರಾರ್ಥಿಸಿ ಆಗಿರುತ್ತದೆ. ಮೂರನೆಯದಾಗಿ ಬೇಕಾದರೆ ಗಂಜಿ ಬಸಿಯುವ ಹೊತ್ತು, ಅಥವಾ ಮಸಾಲೆ ಕಡೆಯುವ ಹೊತ್ತು. ಮೂರಕ್ಕಿಂತ ಹೆಚ್ಚು ಬೇಡ. ಮೊದಲ ದಿನವೇ ಹತ್ತು ಕೆಲಸಕ್ಕೆ ಹತ್ತು ಪ್ರಾರ್ಥನೆ ಕಟ್ಟಿಕೊಂಡವರು ವಾರದೊಳಗೆ ಎಲ್ಲವನ್ನೂ ಬಿಟ್ಟು ಮೇಲಿಂದ ಪಶ್ಚಾತ್ತಾಪ ಪಡುತ್ತಾರೆ.

ಮನಸ್ಸು ಓಡುತ್ತದೆ, ಓಡಲಿ. ತೆರ್ಸಿನ ಮೂರನೆಯ ದಶಕದಲ್ಲಿ ಸಾರಿನ ನೆನಪಾದರೆ ಮೊದಲ ಮಣಿಯಿಂದ ಮತ್ತೆ ಶುರು ಮಾಡಬೇಡಿ. ಅದು ಭಕ್ತಿಯಲ್ಲ, ಶಿಕ್ಷೆ. ಕೈಯಲ್ಲಿ ಯಾವ ಮಣಿ ಇದೆಯೋ ಅಲ್ಲಿಂದಲೇ ಮುಂದುವರಿಸಿ. ಒಂದು ತೆರ್ಸಿನಲ್ಲಿ ಇಪ್ಪತ್ತು ಸಲ ಓಡಿ ಇಪ್ಪತ್ತು ಸಲ ಮರಳಿದರೆ ಇಪ್ಪತ್ತು ಸಲ ದೇವರ ಕಡೆ ತಿರುಗಿದ ಹಾಗಾಯಿತು. ಸಾರಿನ ನೆನಪು ಬಿಡದೇ ಕಾಡಿದರೆ ಪಕ್ಕದಲ್ಲೊಂದು ಚೀಟಿ ಇಟ್ಟುಕೊಂಡು ‘ಹುಣಸೆ’ ಎಂದು ಬರೆದು ಮುಂದೆ ಹೋಗಿ. ಬರೆದಿಟ್ಟದ್ದನ್ನು ಮನಸ್ಸು ಮತ್ತೆ ಮತ್ತೆ ನೆನಪಿಸುವುದಿಲ್ಲ.

ಇಗರ್ಜಿಯ ಗಂಟೆ ಕೇಳುವಷ್ಟು ಹತ್ತಿರ ಮನೆಯಿದ್ದರೆ ನೀವು ಭಾಗ್ಯವಂತರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆಯ ಆಮೊರಿ ಗಂಟೆ ಹುಟ್ಟಿದ್ದೇ ಕೆಲಸದಲ್ಲಿ ಮುಳುಗಿದವರನ್ನು ಎರಡು ನಿಮಿಷ ನಿಲ್ಲಿಸಲು. ಮೂರು ವಚನ, ಮೂರು ನಮೋ ಮರಿಯ, ಒಂದು ಪ್ರಾರ್ಥನೆ. ಸಿ.ಎಸ್.ಐ. ಮನೆಗಳವರು ಅದೇ ಮೂರು ಹೊತ್ತಿಗೆ ಕರ್ತನ ಪ್ರಾರ್ಥನೆ ಹೇಳಬಹುದು. ದಾನಿಯೇಲ 6:10ರಲ್ಲಿಯೂ ದಿನಕ್ಕೆ ಮೂರೇ ಸಲ.

ಪ್ರಶ್ನೆ: ಕಾಲೇಜಿನಲ್ಲಿ ಮೈಂಡ್‌ಫುಲ್‌ನೆಸ್ ಶಿಬಿರ ಇತ್ತು. ಉಸಿರನ್ನು ಗಮನಿಸುತ್ತಾ ಕೂರುವುದು. ಪರೀಕ್ಷೆಯ ಭಯ ಕಡಿಮೆಯಾಯಿತು. ಮನೆಯಲ್ಲಿ ಅಜ್ಜಿ ‘ಅದು ನಮ್ಮದಲ್ಲ ಮಗಾ’ ಅನ್ನುತ್ತಾರೆ. ತಪ್ಪೇ? — ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ಉಸಿರು ಯಾರ ಸ್ವತ್ತೂ ಅಲ್ಲ. ಆದಿಕಾಂಡ 2:7ರ ಪ್ರಕಾರ ನಿಮ್ಮೊಳಗೆ ಅದನ್ನು ಊದಿದವನು ದೇವರು. ಆಸ್ಪತ್ರೆ, ಕಾಲೇಜುಗಳಲ್ಲಿ ಕಲಿಸುವ ಈ ಕ್ರಮವನ್ನು ಬೌದ್ಧ ಧ್ಯಾನದಿಂದ ಎತ್ತಿಕೊಂಡು, ಧರ್ಮದ ಭಾಗವನ್ನು ಬದಿಗಿಟ್ಟು, 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಟ್-ಜಿನ್ ರೂಪಿಸಿದರು. ಒತ್ತಡ ಇಳಿಸುವ ವ್ಯಾಯಾಮವಾಗಿ ಅದನ್ನು ಬಳಸಿದರೆ ಭಯ ಪಡಬೇಕಾದದ್ದಿಲ್ಲ.

ಹಾಗೆಂದು ಅಜ್ಜಿಯ ಮಾತು ಪೂರಾ ಪೊಳ್ಳೂ ಅಲ್ಲ. ಶಿಬಿರದಲ್ಲಿ ನೀವು ಗಮನಿಸುತ್ತೀರಿ, ಅಷ್ಟೇ. ಪ್ರಾರ್ಥನೆಯಲ್ಲಿ ಎದುರಿಗೆ ಒಬ್ಬನಿದ್ದಾನೆ. ಕ್ರೈಸ್ತನಿಗೆ ವರ್ತಮಾನ ಎಂದರೆ ಖಾಲಿ ಮಾಡಿದ ಮನಸ್ಸಲ್ಲ, ‘ಈ ಹೊತ್ತು ನನ್ನ ಸ್ವರ ಕೇಳಿದರೆ’ ಎಂದು ಕರೆಯುವವನ ಮುಂದೆ ನಿಂತಿರುವುದು. ಅಂದ ಹಾಗೆ, ‘ಇವತ್ತು’ ಎಂಬ ನಮ್ಮ ಮಾತು ‘ಈ ಹೊತ್ತು’ ಸವೆದು ಆದದ್ದು.

ಉಸಿರಿಗೆ ಮಾತು ಸೇರಿಸಿ. ಬೆನ್ನು ನೇರವಾಗಿಟ್ಟು, ಪಾದ ನೆಲಕ್ಕೆ ತಾಗಿಸಿ ಕೂತು, ಒಳಗೆ ಎಳೆಯುವಾಗ ‘ಕರ್ತನಾದ ಯೇಸುವೇ’, ಬಿಡುವಾಗ ‘ನನ್ನನ್ನು ಕರುಣಿಸು’ ಎಂದು ಮನಸ್ಸಿನಲ್ಲೇ ಹೇಳಿ. ಪೂರ್ವ ದೇಶದ ಸಭೆಗಳಲ್ಲಿ ನೂರಾರು ವರ್ಷಗಳಿಂದ ಇರುವ ಪ್ರಾರ್ಥನೆ ಇದು. ಬೇರು ಲೂಕ 18ರ ಸುಂಕದವನ, ಕುರುಡನ ಕೂಗಿನಲ್ಲಿದೆ. ಬ್ರಹ್ಮಾವರದ ಆರ್ಥೊಡಾಕ್ಸ್ ಸಭೆಯ ಆರಾಧನೆಯಲ್ಲಿ ಕೇಳುವ ‘ಕುರಿಯೇಲಾಯಿಸೋನ್’ ಎಂಬ ಗ್ರೀಕ್ ಮಾತಿನ ಅರ್ಥವೂ ‘ಕರ್ತನೇ, ಕರುಣಿಸು’ ಎಂದೇ. ಹತ್ತು ನಿಮಿಷ ಸಾಕು. ಉಸಿರನ್ನು ಬೇಕೆಂದು ಉದ್ದ ಮಾಡಬೇಡಿ, ಜೋರಾಗಿಯೂ ಎಳೆಯಬೇಡಿ. ಅತಿಯಾಗಿ ಉಸಿರಾಡಿದರೆ ತಲೆ ಸುತ್ತುತ್ತದೆ, ಬೆರಳು ಜುಮ್ಮೆನ್ನುತ್ತದೆ, ಅದನ್ನೇ ಪವಿತ್ರಾತ್ಮನ ಸ್ಪರ್ಶ ಎಂದುಕೊಂಡವರೂ ಇದ್ದಾರೆ. ಬರುವ ಉಸಿರಿಗೆ ಮಾತು ಜೋಡಿಸಿ, ಮಾತಿಗೆ ಉಸಿರನ್ನಲ್ಲ.

ಪ್ರಶ್ನೆ: ಬೈಬಲ್ ಓದುವುದು ಮೊಬೈಲಿನಲ್ಲೇ. ನಡುವೆ ವಾಟ್ಸ್ಆ್ಯಪ್ ಬಂದರೆ ಅಲ್ಲಿಗೇ ಹೋಗಿಬಿಡುತ್ತೇನೆ. — ಓದುಗರು, ಜೆಪ್ಪು

ಉತ್ತರ: ಅಚ್ಚಾದ ಬೈಬಲ್ ತೆಗೆದುಕೊಳ್ಳಿ, ಮೊಬೈಲನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿ. ಮಗುಚಿಟ್ಟರೂ ಪಕ್ಕದಲ್ಲಿದ್ದರೆ ಕಿವಿ ಅತ್ತಲೇ. ಓದುವುದನ್ನೂ ಕಡಿಮೆ ಮಾಡಿ: ಜರ್ಮನಿಯ ಹೆರ್ನ್‌ಹುಟ್‌ನ ಸಹೋದರರು 1731ರಿಂದ ಅಚ್ಚು ಹಾಕಿಸುತ್ತಿರುವ ದಿನವಚನದ ಪುಸ್ತಕದಲ್ಲಿ ದಿನಕ್ಕೆ ಇರುವುದು ಹಳೆಯ ಒಡಂಬಡಿಕೆಯ ಒಂದು, ಹೊಸದರ ಒಂದು ವಚನ. ಒಂದನ್ನು ಚೀಟಿಯಲ್ಲಿ ಕೈಯಾರೆ ಬರೆದು ಅಂಗಿಯ ಜೇಬಿಗೆ ಹಾಕಿಕೊಳ್ಳಿ. ಮೊಬೈಲಿಗೆಂದು ಜೇಬಿಗೆ ಕೈ ಹಾಕಿದಾಗಲೆಲ್ಲ ಮೊದಲು ಅದೇ ಸಿಗಲಿ.

ಪ್ರಶ್ನೆ: ಕೆಲಸ ಮಂಗಳೂರಿನಲ್ಲಿ, ಮನೆ ಉಡುಪಿಯಲ್ಲಿ. ದಿನ ಹೇಗೆ ಹೋಯಿತೆಂದೇ ತಿಳಿಯುವುದಿಲ್ಲ. ರಾತ್ರಿ ಆತ್ಮಶೋಧನೆ ಮಾಡಿ ಎಂದು ಗುರುಗಳು ಹೇಳಿದರು. ಮಾಡಲು ಹೋದರೆ ನಿದ್ದೆ. — ಓದುಗರು, ಉಡುಪಿ

ಉತ್ತರ: ರಾತ್ರಿಯೇ ಯಾಕೆ? ಸಂಜೆ ಬಸ್ಸಿನಲ್ಲಿ ಮಾಡಿ. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ಪ್ರಾರ್ಥನಾ ಕೊಠಡಿ ಇಲ್ಲ. ಯಾರೂ ನಿಮ್ಮನ್ನು ಕರೆಯುವುದಿಲ್ಲ, ಏಳಲೂ ಆಗುವುದಿಲ್ಲ.

ಲೊಯೋಲದ ಇಗ್ನೇಷಿಯಸ್ ಕಲಿಸಿದ ಆತ್ಮಶೋಧನೆಗೆ ಐದು ಹೆಜ್ಜೆ. ಅವನು ಸ್ಥಾಪಿಸಿದ ಯೇಸುಸಭೆಯವರು ಮಂಗಳೂರಿಗೆ ಬಂದದ್ದು 1878ರ ಕೊನೆಯ ದಿನ. ಆಗಿನಿಂದ ಈ ಊರಿಗೂ ಇದು ಪರಿಚಿತ. ಮೊದಲು ದೇವರಿಗೆ ವಂದನೆ, ಎರಡನೆಯದು ಬೆಳಕಿಗಾಗಿ ಬೇಡುವುದು, ಮೂರನೆಯದು ದಿನವನ್ನು ಗಂಟೆ ಗಂಟೆಯಾಗಿ ನೋಡುವುದು, ನಾಲ್ಕನೆಯದು ಕ್ಷಮೆ, ಐದನೆಯದು ನಾಳೆಗೊಂದು ನಿರ್ಧಾರ. ಕೊನೆಗೆ ಪರಲೋಕ ಪ್ರಾರ್ಥನೆ. ಇದನ್ನು ಹೆದ್ದಾರಿಯ ಊರುಗಳಿಗೆ ಕಟ್ಟಿಬಿಡಿ. ಬಸ್ಸು ಕೂಳೂರು ಸೇತುವೆ ದಾಟಿದ ಮೇಲೆ ಸುರತ್ಕಲ್‌ವರೆಗೆ ವಂದನೆ. ಬಿಸಿ ಚಹಾ, ಸಿಕ್ಕಿದ ಸೀಟು, ಇಂಥ ಪುಟ್ಟದ್ದಕ್ಕೇ ಹೇಳಿ. ‘ಎಲ್ಲದಕ್ಕೂ ಸ್ತೋತ್ರ’ ಎಂದರೆ ಯಾವುದಕ್ಕೂ ಅಲ್ಲ. ಸುರತ್ಕಲ್‌ನಲ್ಲಿ ಬಸ್ಸು ನಿಂತಾಗ ‘ನಿನ್ನ ಕಣ್ಣಿನಿಂದ ನೋಡುವಂತೆ ಮಾಡು’ ಎಂಬ ಒಂದು ವಾಕ್ಯ. ಅಲ್ಲಿಂದ ಹಳೆಯಂಗಡಿ, ಮೂಲ್ಕಿ, ಪಡುಬಿದ್ರಿ ಕಳೆದು ಕಾಪುವರೆಗೆ ಉದ್ದದ ದಾರಿ, ದಿನವನ್ನು ನೋಡಲು. ಎದ್ದದ್ದರಿಂದ ಬಸ್ಸು ಹತ್ತಿದವರೆಗೆ ಸಿನಿಮಾ ರೀಲಿನಂತೆ ಬಿಡಿಸಿ, ಮನಸ್ಸು ಎಲ್ಲಿ ಹಗುರಾಯಿತು, ಎಲ್ಲಿ ಕಹಿಯಾಯಿತು ಎಂದು ಎರಡೇ ಕಡೆ ನಿಲ್ಲಿ. ಕಾಪು ದಾಟಿದ ಮೇಲೆ ಕ್ಷಮೆ ಕೇಳಿ. ಮುಂದೆ ಸಿಗುವ ಉದ್ಯಾವರದ ಹೊಳೆಯ ಹೆಸರು ಪಾಪನಾಶಿನಿ. ಹೆಸರಿಟ್ಟವರ ನಂಬಿಕೆ ಬೇರೆಯಾದರೂ ಜ್ಞಾಪಕಕ್ಕೆ ಅನುಕೂಲ. ಸೇತುವೆ ದಾಟಿದ ಮೇಲೆ ನಾಳೆಗೊಂದು ನಿರ್ಧಾರ, ಒಬ್ಬ ವ್ಯಕ್ತಿ, ಒಂದು ಹೊತ್ತು ಹೆಸರಿಸಿ: ‘ತಾಳ್ಮೆಯಿಂದಿರುತ್ತೇನೆ’ ಬೇಡ, ‘ಹನ್ನೊಂದರ ಮೀಟಿಂಗಿನಲ್ಲಿ ಅವರ ಮಾತು ಮುಗಿಯುವವರೆಗೆ ಬಾಯಿ ತೆರೆಯುವುದಿಲ್ಲ’ ಆಗಬಹುದು.

ಕೆಡುವುದೆಲ್ಲಿ? ಮೂರನೆಯ ಹೆಜ್ಜೆಯನ್ನು ತಪ್ಪುಗಳ ಜಮಾಬಂದಿ ಮಾಡಿಕೊಳ್ಳುವಲ್ಲಿ. ವಂದನೆ ಮೊದಲಿಗಿರುವುದು ಅದಕ್ಕೇ; ಅದನ್ನು ಹಾರಿಸಿ ನೇರ ಪಾಪಕ್ಕೆ ಇಳಿದವರಿಗೆ ಹತ್ತು ದಿನದಲ್ಲಿ ಇದು ಬೇಸರ ತರಿಸುತ್ತದೆ. ಇನ್ನು, ಒಂದೇ ಕೆಟ್ಟ ಚಾಳಿ ಬಿಡಬೇಕಾಗಿದ್ದರೆ ಇಗ್ನೇಷಿಯಸ್ ಬೇರೊಂದು ಕ್ರಮ ಕೊಟ್ಟಿದ್ದಾನೆ. ವಾರದ ಪ್ರತಿ ದಿನಕ್ಕೆ ಎರಡು ಗೆರೆ, ಮಧ್ಯಾಹ್ನದವರೆಗಿನದಕ್ಕೆ ಒಂದು, ಸಂಜೆಯವರೆಗಿನದಕ್ಕೆ ಒಂದು. ಬಿದ್ದಾಗಲೆಲ್ಲ ಒಂದು ಚುಕ್ಕೆ. ಇವತ್ತಿನ ಚುಕ್ಕೆಗಳನ್ನು ನಿನ್ನೆಯದರ ಜೊತೆ, ಈ ವಾರದ್ದನ್ನು ಹೋದ ವಾರದ ಜೊತೆ ಹೋಲಿಸುವುದು. ಸಿಟ್ಟು, ಸಿಗರೇಟು, ಮೊಬೈಲು, ಎಲ್ಲಕ್ಕೂ ಹೊಂದುತ್ತದೆ.

ಪ್ರಶ್ನೆ: ಜಾಗದ ಪಾಲಿನ ವಿಷಯದಲ್ಲಿ ಅಣ್ಣನ ಜೊತೆ ಹನ್ನೆರಡು ವರ್ಷ ಮಾತು ಬಿಟ್ಟಿದ್ದೆ. ರಾಜಿಯಾಗುವ ಮೊದಲೇ ಅವನು ತೀರಿಕೊಂಡ. ಪಾಪನಿವೇದನೆ ಮಾಡಿದ್ದೇನೆ, ಆದರೂ ದಿನಾ ಅದೇ. ‘ಹಿಂದಿನದನ್ನು ಮರೆತು ಮುಂದೆ ಹೋಗಿ’ ಎನ್ನುತ್ತಾರೆ. ಮರೆಯುವುದು ಹೇಗೆ? — ಓದುಗರು, ಬಂಟ್ವಾಳ

ಉತ್ತರ: ಮರೆಯಲು ಹೋಗಬೇಡಿ. ಫಿಲಿಪ್ಪಿ 3:13ನ್ನು ನಿಮಗೆ ಹೇಳಿದವರು ಅದೇ ಅಧ್ಯಾಯದ 5, 6ನೆಯ ವಚನ ನೋಡಿರಲಿಕ್ಕಿಲ್ಲ. ಪೌಲನು ಹಿಂದೆ ಬಿಟ್ಟದ್ದರಲ್ಲಿ ತನ್ನ ಕುಲ, ನೇಮನಿಷ್ಠೆಯ ಹೆಮ್ಮೆಯೂ ಸೇರಿದೆ. ತಾನು ಸಭೆಯನ್ನು ಹಿಂಸಿಸಿದ್ದನ್ನು ಮಾತ್ರ ಅವನು ಕೊನೆಯವರೆಗೂ ಬಾಯಿ ಬಿಟ್ಟು ಹೇಳುತ್ತಲೇ ಇದ್ದ.

ಕ್ಷಮೆ ಸಿಕ್ಕಿದೆ. ಪಾಪ ಒಪ್ಪಿಕೊಂಡರೆ ದೇವರು ಕ್ಷಮಿಸುತ್ತಾನೆ ಎನ್ನುವ 1 ಯೋಹಾನ 1:9ರಲ್ಲಿ, ಕ್ಷಮೆ ಸಿಕ್ಕಿತೆಂದು ‘ಅನ್ನಿಸಿದರೆ’ ಎಂಬ ಷರತ್ತಿಲ್ಲ. ಅದೇ ಪಾಪವನ್ನು ಮತ್ತೆ ಮತ್ತೆ ನಿವೇದಿಸಬೇಡಿ. ದೇವರು ಪಾಪಗಳನ್ನು ಸಮುದ್ರದ ಆಳಕ್ಕೆ ಎಸೆಯುತ್ತಾನೆ ಎಂದು ಮೀಕ 7:19 ಹೇಳುತ್ತದೆ, ಬಲೆ ಬೀಸಿ ಅದನ್ನು ಎಳೆದು ತರುತ್ತಿರುವವರು ನೀವು. ಆದರೆ ಪಶ್ಚಾತ್ತಾಪಕ್ಕೆ ಕೆಲಸವೊಂದು ಬಾಕಿ ಇದ್ದರೆ ಮನಸ್ಸು ಸುಮ್ಮನಾಗುವುದಿಲ್ಲ, ಆಗಲೂ ಬಾರದು. ಸುಂಕ ವಸೂಲಿಗಾರ ಜಕ್ಕಾಯ ಯೇಸುವಿನ ಮುಂದೆ ‘ಕ್ಷಮಿಸು’ ಎಂದು ಸುಮ್ಮನಾಗಲಿಲ್ಲ, ವಂಚಿಸಿದ್ದಕ್ಕೆ ನಾಲ್ಕು ಪಟ್ಟು ಕೊಡುತ್ತೇನೆಂದ. ಅಣ್ಣನ ಹೆಂಡತಿ ಮಕ್ಕಳು ಇದ್ದಾರಲ್ಲ? ಪಾಲಿನಲ್ಲಿ ಅವರಿಗೆ ಅನ್ಯಾಯವಾಗಿದ್ದರೆ ಅದನ್ನು ಸರಿಪಡಿಸುವುದು ಇವತ್ತಿನ ಕೆಲಸ. ಸರ್ವೆಯವರನ್ನು ಕರೆಯುವುದೋ ವಕೀಲರ ಹತ್ತಿರ ಹೋಗುವುದೋ, ತಾರೀಕು ಗೊತ್ತು ಮಾಡಿ. ಅನ್ಯಾಯ ಆಗಿಲ್ಲದಿದ್ದರೆ ಬರಿಗೈಯಲ್ಲಿ ಅವರ ಮನೆಗೆ ಹೋಗಿ ಕೂತು ಬನ್ನಿ. ಮೊದಲ ಭೇಟಿಯಲ್ಲೇ ಅತ್ತು ಕ್ಷಮೆ ಕೇಳಿ ಅವರ ತಲೆಗೆ ನಿಮ್ಮ ಭಾರ ಹೊರಿಸಬೇಡಿ. ನಿಮ್ಮನ್ನು ಸಮಾಧಾನ ಮಾಡುವುದು ಅವರ ಕೆಲಸವಲ್ಲ. ಎರಡನೆಯ, ಮೂರನೆಯ ಭೇಟಿಯಲ್ಲಿ ಮಾತು ತಾನಾಗಿ ಬರುತ್ತದೆ. ಮೃತರ ಸ್ಮರಣೆಯ ದಿನವಾದ ನವೆಂಬರ್ 2ರಂದು ಸಮಾಧಿಗೆ ಅವರ ಜೊತೆಯಲ್ಲೇ ಹೋಗಿ ಮೇಣದಬತ್ತಿ ಹಚ್ಚಿ.

ನೆನಪು ಉಳಿಯುತ್ತದೆ, ಉಳಿಯಲಿ. ಸಂತ ಆಗಸ್ಟಿನ್ ತನ್ನ ಆತ್ಮನಿವೇದನೆಯ ಹನ್ನೊಂದನೆಯ ಪುಸ್ತಕದಲ್ಲಿ ಕಾಲ ಮೂರೂ ವರ್ತಮಾನವೇ ಎನ್ನುತ್ತಾನೆ: ಆದದ್ದರ ವರ್ತಮಾನ ನೆನಪು, ಆಗುತ್ತಿರುವುದರದು ನೋಟ, ಆಗಬೇಕಾದದ್ದರದು ನಿರೀಕ್ಷೆ. ಅಣ್ಣ ಈಗ ಇರುವುದು ನಿಮ್ಮ ಇವತ್ತಿನಲ್ಲಿ. ಅವನ ಹೆಸರು ಬಂದಾಗಲೆಲ್ಲ ಒಂದು ಪ್ರಾರ್ಥನೆ ಹೇಳಿ, ಕೈಯ ಕೆಲಸಕ್ಕೆ ಮರಳಿ.

ಪ್ರಶ್ನೆ: ರಾತ್ರಿ ಮೂರಕ್ಕೆ ಎಚ್ಚರವಾದರೆ ಬೆಳಗಿನವರೆಗೂ ತಲೆಯಲ್ಲಿ ಗಿರಗಿಟ್ಲೆ. ಮಗ ಕುವೈತಿನಲ್ಲಿ. — ಓದುಗರು, ಕಾರ್ಕಳ

ಉತ್ತರ: ಮೂರು ಗಂಟೆಯಲ್ಲಿ ಯಾವ ಸಮಸ್ಯೆಯೂ ಅದರ ನಿಜವಾದ ಅಳತೆಯಲ್ಲಿ ಕಾಣುವುದಿಲ್ಲ. ಗಡಿಯಾರ ನೋಡಬೇಡಿ, ಮಗನಿಗೆ ಮೆಸೇಜು ಹಾಕಬೇಡಿ, ದೊಡ್ಡ ಲೈಟೂ ಬೇಡ. ಇಪ್ಪತ್ತು ನಿಮಿಷದಷ್ಟು ಹೊತ್ತಿನಲ್ಲಿ ನಿದ್ದೆ ಮರಳದಿದ್ದರೆ ಹಾಸಿಗೆ ಬಿಟ್ಟು ಕುರ್ಚಿಯಲ್ಲಿ ಕೂತು, ಬಾಯಿಪಾಠ ಬರುವ ಒಂದು ಕೀರ್ತನೆ ಮೆಲ್ಲಗೆ ಹೇಳಿ. 4 ಅಥವಾ 121 ಆಗಬಹುದು. ಹೊಸದಾಗಿ ಓದಲು ಹೋದರೆ ಎಚ್ಚರ ಹೆಚ್ಚುತ್ತದೆ. ತೂಕಡಿಕೆ ಬಂದ ಮೇಲೆ ಮಲಗಿ. ಇದು ವಾರಗಟ್ಟಲೆ ನಡೆದು ಹಗಲಿನ ಕೆಲಸವೂ ಊಟವೂ ಕೆಡುತ್ತಿದ್ದರೆ, ಜೀವನವೇ ಸಾಕು ಅನ್ನಿಸುತ್ತಿದ್ದರೆ, ವಿಶ್ವಾಸ ಕಡಿಮೆಯಾಯಿತೆಂದು ಕೂರಬೇಡಿ, ವೈದ್ಯರ ಹತ್ತಿರ ಹೋಗಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಪ್ರವಾದಿ ಎಲೀಯ ಸಾಯಬೇಕೆಂದು ಮಲಗಿದಾಗ ದೇವದೂತ ಉಪದೇಶ ಮಾಡಲಿಲ್ಲ. ರೊಟ್ಟಿ ನೀರು ಕೊಟ್ಟು ಮತ್ತೆ ಮಲಗಲು ಬಿಟ್ಟ.

ಪ್ರಶ್ನೆ: ಅತ್ತೆಗೆ ಪಾರ್ಶ್ವವಾಯು, ಎರಡು ವರ್ಷದಿಂದ ಹಾಸಿಗೆ. ನೋಡಿಕೊಳ್ಳುವುದು ನಾನೊಬ್ಬಳೇ. ಇದು ಮುಗಿಯುವುದೆಂದು ಎಂದು ಯೋಚಿಸುತ್ತೇನೆ, ಯೋಚಿಸಿದ್ದಕ್ಕೆ ಅಳುತ್ತೇನೆ. — ಓದುಗರು, ಕಟಪಾಡಿ

ಉತ್ತರ: ಎಂದು ಮುಗಿಯುತ್ತದೆ ಎಂದು ಕೇಳುವುದು ಪಾಪವಲ್ಲ. ‘ಎಷ್ಟರವರೆಗೆ, ಕರ್ತನೇ?’ ಎಂದು ಕೀರ್ತನೆಗಾರನೇ 13ನೆಯ ಕೀರ್ತನೆಯಲ್ಲಿ ನಾಲ್ಕು ಸಲ ಕೇಳಿದ್ದಾನೆ.

ವಿಯೆಟ್ನಾಮಿನ ಧರ್ಮಾಧ್ಯಕ್ಷ ಫ್ರಾನ್ಸಿಸ್ ಸೇವಿಯರ್ ವಾನ್ ತುವಾನ್ 1975ರಲ್ಲಿ ಬಂಧಿತರಾಗಿ ಹದಿಮೂರು ವರ್ಷ ಸೆರೆಯಲ್ಲಿದ್ದರು, ಅದರಲ್ಲಿ ಒಂಬತ್ತು ವರ್ಷ ಒಂಟಿ ಕೋಣೆ. ಬಿಡುಗಡೆಯ ದಿನಕ್ಕಾಗಿ ಕಾಯುತ್ತಾ ಕೂರುವುದಿಲ್ಲ, ಕೈಯಲ್ಲಿರುವ ಈ ಗಳಿಗೆಯನ್ನು ಪ್ರೀತಿಯಿಂದ ತುಂಬುತ್ತೇನೆ ಎಂದು ಅವರು ಮೊದಲಲ್ಲೇ ತೀರ್ಮಾನಿಸಿದರು. ಅಂಗೈಯಲ್ಲಿ ಮೂರು ಹನಿ ದ್ರಾಕ್ಷಾರಸ, ಒಂದು ಹನಿ ನೀರು ಇಟ್ಟು ಬಲಿಪೂಜೆ ಅರ್ಪಿಸುತ್ತಿದ್ದರು. ಎರಡು ವರ್ಷ ಎಂದರೆ ದೊಡ್ಡದು, ಒಂದು ಗಳಿಗೆ ಅಂಗೈಯಲ್ಲಿ ಹಿಡಿಯುತ್ತದೆ.

ನಿಮ್ಮ ಗಳಿಗೆಗೆ ಅಳತೆ ಇದ್ದೇ ಇದೆ. ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತೀರಲ್ಲ, ಅದನ್ನೇ ನಿಮ್ಮ ಆಮೊರಿ ಗಂಟೆ ಮಾಡಿಕೊಳ್ಳಿ. ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟು, ಸೊಂಟ, ಹಿಮ್ಮಡಿ ಕೆಂಪಾಗಿದೆಯೇ ನೋಡಿ. ಕೆಂಪಾದ ಜಾಗವನ್ನು ತಿಕ್ಕಬೇಡಿ. ಆಮೇಲೆ ಅವರ ಕೈ ಹಿಡಿದು ‘ಅತ್ತೇ’ ಎಂದು ಕರೆದು ಕರ್ತನ ಪ್ರಾರ್ಥನೆ ಹೇಳಿ. ‘ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು’ ಎಂಬಲ್ಲಿ ಆಹಾರದ ಜಾಗಕ್ಕೆ ನಿಮಗೆ ಬೇಕಾದದ್ದನ್ನು ಇಡಿ: ತಾಳ್ಮೆ, ಅರ್ಧ ಗಂಟೆಯ ನಿದ್ದೆ. ಮುಂದಿನ ಎರಡು ಗಂಟೆಗೆ ಬೇಕಾದಷ್ಟೇ ಕೇಳಿ, ಮುಂದಿನ ವರ್ಷದ್ದನ್ನಲ್ಲ.

ಆದರೆ ‘ದೇವರು ಇವತ್ತಿಗೆ ಕೊಟ್ಟದ್ದು ಇದು’ ಎಂದು ಒಬ್ಬರೇ ಹೊರುವುದು ಬೇಡ. ವಿಮೋಚನಕಾಂಡ 17:12ರಲ್ಲಿ ಎತ್ತಿ ಹಿಡಿದಿದ್ದ ಮೋಶೆಯ ಕೈ ಸೋತಾಗ ಮೊದಲು ಕೂರಲು ಕಲ್ಲು ಇಟ್ಟರು, ಆಮೇಲೆ ಆರೋನ, ಹೂರ ಎರಡು ಕಡೆ ಹಿಡಿದರು. ನಾದಿನಿಗೆ, ಓರಗಿತ್ತಿಗೆ ‘ಸ್ವಲ್ಪ ಸಹಾಯ ಮಾಡಿ’ ಎಂದರೆ ಯಾರೂ ಬರುವುದಿಲ್ಲ. ‘ಶನಿವಾರ ಎರಡರಿಂದ ಆರರವರೆಗೆ ನೀನು, ಎರಡು ಸಲ ಮಗ್ಗುಲು, ನಾಲ್ಕಕ್ಕೆ ಗಂಜಿ’ ಎಂದು ಬರೆದುಕೊಡಿ. ಆ ನಾಲ್ಕು ಗಂಟೆ ಮನೆಯಲ್ಲಿ ಇರಬೇಡಿ, ಇದ್ದರೆ ನಿಮ್ಮನ್ನೇ ಕರೆಯುತ್ತಾರೆ.